ಕುಗ್ಗಿಸಿ ಹಿಗ್ಗಿಸುವ ಲೆಕ್ಕ: ಟ್ರಾನ್ಸಿಸ್ಟರಿನ ನಿಯಮ ಬರೆದ ಶಾಕ್ಲಿ ಎಡವಿದ್ದೆಲ್ಲಿ?

ಬನಶಂಕರಿ ಬಸ್ ನಿಲ್ದಾಣದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಪಕ್ಕದಲ್ಲಿದ್ದ ಮಗು ಕಿವಿಯ ಬಳಿ ಏನೋ ಪಿಸುಗುಟ್ಟುತ್ತದೆ. ಮರುಕ್ಷಣವೇ ಬಸ್ಸೊಂದು ಹಾರ್ನ್ ಹೊಡೆಯುತ್ತದೆ. ಪಿಸುಮಾತಿನ ಸದ್ದು ಸುಮಾರು 30 ಡೆಸಿಬೆಲ್. ಹತ್ತಿರದ ಹಾರ್ನ್ 90 ಡೆಸಿಬೆಲ್ ದಾಟುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 60ರ ಅಂತರ ಎಂದರೆ ಗಾಳಿಯ ಒತ್ತಡದ ಏರಿಳಿತದಲ್ಲಿ 1000 ಪಟ್ಟು ಅಂತರ. ನಮ್ಮ ಕಿವಿ ಎರಡನ್ನೂ ನಿಭಾಯಿಸಿಕೊಳ್ಳುತ್ತದೆ. ಆದರೆ ಸುಮಾರು 1.4 ವೋಲ್ಟ್ ಕೊಡುವ ಪುಟ್ಟ ಬ್ಯಾಟರಿಯಿಂದ ನಡೆಯುವ ಶ್ರವಣಯಂತ್ರ ಏನು ಮಾಡಬೇಕು? ದೊಡ್ಡ ಸದ್ದಿಗೆ ಜಾಗ ಮಾಡಿಕೊಟ್ಟರೆ ಪಿಸುಮಾತು ಸರ್ಕ್ಯೂಟಿನ ಗೊರಗೊರದಲ್ಲಿ ಮುಳುಗುತ್ತದೆ. ಪಿಸುಮಾತನ್ನು ಎತ್ತಿ ಹಿಡಿದರೆ ಹಾರ್ನ್ ಬಂದಾಗ ಸರ್ಕ್ಯೂಟ್ ತುಂಬಿ ಹರಿದು ಸದ್ದು ವಿಕಾರವಾಗುತ್ತದೆ.

ಎಂಜಿನಿಯರುಗಳು ಕಂಡುಕೊಂಡ ಉಪಾಯಗಳಲ್ಲಿ ಒಂದರ ಹೆಸರು ಕಂಪ್ಯಾಂಡಿಂಗ್. ದೊಡ್ಡ ವ್ಯಾಪ್ತಿಯ ಸಂಕೇತವನ್ನು ಮೊದಲು ಕುಗ್ಗಿಸುವುದು, ಇಕ್ಕಟ್ಟಾದ ಜಾಗದಲ್ಲಿ ಅದರ ಮೇಲೆ ಕೆಲಸ ಮಾಡುವುದು, ಕೊನೆಗೆ ಮತ್ತೆ ಮೊದಲಿನಂತೆ ಹಿಗ್ಗಿಸುವುದು. ಇದನ್ನು ಮಾಡಲು ದೊಡ್ಡ ಯಂತ್ರವೇನೂ ಬೇಡ, ಒಂದು ಟ್ರಾನ್ಸಿಸ್ಟರ್ ಸಾಕು. ಕುಗ್ಗಿಸುವ, ಹಿಗ್ಗಿಸುವ ಗುಣ ಅದರ ಹುಟ್ಟಿನಲ್ಲೇ ಇದೆ. ಆ ಗುಣವನ್ನು ಗಣಿತದಲ್ಲಿ ಬರೆದಿಟ್ಟವರು ವಿಲಿಯಂ ಶಾಕ್ಲಿ.

ಈ ಶಾಕ್ಲಿ ನೊಬೆಲ್ ಪ್ರಶಸ್ತಿ ಪಡೆದವರು. ಸಿಲಿಕಾನ್ ಕಣಿವೆಯ ಮೊದಲ ಸಿಲಿಕಾನ್ ಕಂಪನಿ ಕಟ್ಟಿದವರು. ಬುದ್ಧಿವಂತಿಕೆ ಎನ್ನುವುದು ಜನಾಂಗದ ರಕ್ತದಲ್ಲೇ ಬರುತ್ತದೆ ಎಂಬ ತಪ್ಪು ಕಲ್ಪನೆಗೆ ಬಾಳಿನ ಕೊನೆಯ ಎರಡು ದಶಕಗಳನ್ನು ಮುಡಿಪಾಗಿಟ್ಟವರೂ ಇವರೇ. ಸರ್ಕ್ಯೂಟಿನ ವಿಷಯದಲ್ಲಿ ಅಷ್ಟು ಸರಿಯಾಗಿದ್ದ ವ್ಯಕ್ತಿ ಮನುಷ್ಯರ ವಿಷಯದಲ್ಲಿ ಎಡವಿದ್ದು ಹೇಗೆ? ಅವರ ಜೀವನವನ್ನೂ ಅವರ ನಿಯಮವನ್ನೂ ಒಟ್ಟಿಗೆ ನೋಡಿದರೆ ಉತ್ತರ ಸಿಗುತ್ತದೆ.

ಪರೀಕ್ಷೆಯಲ್ಲಿ ಆಯ್ಕೆಯಾಗದ ಹುಡುಗ

ಶಾಕ್ಲಿ ಹುಟ್ಟಿದ್ದು 1910ರ ಫೆಬ್ರವರಿ 13ರಂದು, ಲಂಡನ್ನಿನಲ್ಲಿ. ತಂದೆ ತಾಯಿ ಇಬ್ಬರೂ ಅಮೆರಿಕದವರು. ತಂದೆ ಗಣಿ ಎಂಜಿನಿಯರ್. ತಾಯಿ ಮೇ ಸ್ಟ್ಯಾನ್‌ಫರ್ಡಿನಲ್ಲಿ ಓದಿದವರು, ಅವರೂ ಗಣಿಗಳ ಸರ್ವೆ ಕೆಲಸ ಮಾಡಿದವರು. ಮಗುವಿಗೆ ಮೂರು ವರ್ಷವಾದಾಗ ಕುಟುಂಬ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊಗೆ ಬಂದು ನೆಲೆಸಿತು. ಎಂಟು ವರ್ಷದವರೆಗೆ ಹುಡುಗನನ್ನು ಶಾಲೆಗೆ ಕಳಿಸಲಿಲ್ಲ. ಪಾಠವೆಲ್ಲ ಮನೆಯಲ್ಲೇ ನಡೆಯಿತು.

ಅದೇ ಊರಿಗೆ ಹೊಂದಿಕೊಂಡ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಐಕ್ಯೂ ಪರೀಕ್ಷೆಯನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದವರು ಅವರು. 1921ರಲ್ಲಿ ಅವರು ಅತಿ ಜಾಣ ಮಕ್ಕಳನ್ನು ಹುಡುಕಿ, ಅವರ ಇಡೀ ಜೀವನವನ್ನು ಗಮನಿಸುವ ಅಧ್ಯಯನ ಆರಂಭಿಸಿದರು. ಶಾಕ್ಲಿಯನ್ನೂ ಪರೀಕ್ಷಿಸಲಾಯಿತು. ಅಂಕ ಸಾಲಲಿಲ್ಲ, ಹುಡುಗ ಆಯ್ಕೆಯಾಗಲಿಲ್ಲ. ಮುಂದೆ 1968ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಲೂಯಿಸ್ ಆಲ್ವರೆಜ್ ಕೂಡ ಇದೇ ಜರಡಿಯಲ್ಲಿ ಕೆಳಗೆ ಬಿದ್ದವರು. ಆಯ್ಕೆಯಾದ ಸುಮಾರು 1500 ಮಕ್ಕಳಲ್ಲಿ ಅನೇಕರು ಒಳ್ಳೆಯ ಕೆಲಸಗಳಿಗೆ ಸೇರಿದರು. ನೊಬೆಲ್ ಮಾತ್ರ ಒಬ್ಬರಿಗೂ ಬರಲಿಲ್ಲ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಶಾಕ್ಲಿ 1932ರಲ್ಲಿ ಕ್ಯಾಲ್‌ಟೆಕ್‌ನಿಂದ ಪದವಿ ಪಡೆದರು. 1936ರಲ್ಲಿ ಎಂಐಟಿಯಲ್ಲಿ ಪಿಎಚ್‌ಡಿ ಮುಗಿಸಿ, ಅದೇ ವರ್ಷ ಬೆಲ್ ಲ್ಯಾಬ್ಸ್ ಸೇರಿದರು.

ದೂರವಾಣಿ ಕಂಪನಿಯ ತಲೆನೋವು

ಬೆಲ್ ಲ್ಯಾಬ್ಸ್ ಅಮೆರಿಕದ ದೂರವಾಣಿ ಕಂಪನಿಯ ಸಂಶೋಧನಾ ಸಂಸ್ಥೆ. ದೂರವಾಣಿಯವರಿಗೆ ಪಿಸುಮಾತು ಮತ್ತು ಕೂಗಿನ ಸಮಸ್ಯೆ ಹೊಸದೇನಲ್ಲ. ಒಬ್ಬರು ಮೆಲ್ಲಗೆ ಮಾತಾಡುತ್ತಾರೆ, ಇನ್ನೊಬ್ಬರು ಫೋನೇ ಬೇಡವೆನ್ನುವಷ್ಟು ಜೋರಾಗಿ ಅರಚುತ್ತಾರೆ. ತಂತಿಯಲ್ಲಿ, ರೇಡಿಯೊ ಕೊಂಡಿಯಲ್ಲಿ ಸದಾ ಒಂದಿಷ್ಟು ಗೊರಗೊರ ಇದ್ದೇ ಇರುತ್ತದೆ. ಹಾಗಾಗಿ ಕಳಿಸುವ ಕಡೆ ಸಂಕೇತದ ವ್ಯಾಪ್ತಿಯನ್ನು ಕುಗ್ಗಿಸಿ, ಪಡೆಯುವ ಕಡೆ ಹಿಗ್ಗಿಸುವ ಉಪಾಯಕ್ಕೆ 1928ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ದೊರೆತಿತ್ತು. ಆಗ ಬಳಸುತ್ತಿದ್ದದ್ದು ನಿರ್ವಾತ ಕೊಳವೆಗಳನ್ನು, ಅಂದರೆ ಹಳೆಯ ರೇಡಿಯೊಗಳಲ್ಲಿ ಕೆಂಪಗೆ ಉರಿಯುತ್ತಿದ್ದ ಗಾಜಿನ ವಾಲ್ವುಗಳನ್ನು. ಅವು ಬೇಗ ಬಿಸಿಯಾಗುತ್ತಿದ್ದವು, ಕರೆಂಟು ತಿನ್ನುತ್ತಿದ್ದವು, ಆಗಾಗ ಸುಟ್ಟುಹೋಗುತ್ತಿದ್ದವು.

ವಾಲ್ವು ಮತ್ತು ಯಾಂತ್ರಿಕ ಸ್ವಿಚ್ಚುಗಳ ಬದಲಿಗೆ ಘನವಸ್ತುವಿನಿಂದಲೇ ಕೆಲಸ ಮಾಡಿಸಬೇಕು ಎಂಬುದು ಬೆಲ್ ಲ್ಯಾಬ್ಸ್‌ನ ಮುಖ್ಯಸ್ಥರಲ್ಲೊಬ್ಬರಾದ ಮರ್ವಿನ್ ಕೆಲ್ಲಿ ಅವರ ಕನಸು. ಶಾಕ್ಲಿಗೆ ಈ ಕನಸು ಹಿಡಿಸಿತು. ನಡುವೆ ಎರಡನೇ ಮಹಾಯುದ್ಧ ಬಂತು. ಜಲಾಂತರ್ಗಾಮಿಗಳನ್ನು ಬೇಟೆಯಾಡುವ ತಂತ್ರಗಳನ್ನು ಅಂಕಿಅಂಶಗಳ ನೆರವಿನಿಂದ ಸುಧಾರಿಸುವ ಕೆಲಸ ಮಾಡಿದ ಶಾಕ್ಲಿಗೆ 1946ರಲ್ಲಿ ಸರ್ಕಾರದ ಪದಕವೂ ಸಿಕ್ಕಿತು. ಎಲ್ಲ ಸಮಸ್ಯೆಯನ್ನೂ ಅಂಕಿಗೆ ಇಳಿಸಿ ಬಿಡಿಸಬಹುದು ಎಂಬ ನಂಬಿಕೆ ಈ ಯಶಸ್ಸಿನಿಂದ ಗಟ್ಟಿಯಾಗಿರಲಿಕ್ಕೂ ಸಾಕು.

ಹೋಟೆಲ್ ಕೋಣೆಯ ಹಟ

ಯುದ್ಧ ಮುಗಿದ ಮೇಲೆ ಶಾಕ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಒಂದು ಗುಂಪಿನ ನಾಯಕರಾದರು. 1947ರ ಡಿಸೆಂಬರ್ 16ರಂದು ಅದೇ ಗುಂಪಿನ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೈನ್ ಜರ್ಮೇನಿಯಂ ತುಣುಕಿನ ಮೇಲೆ ಚಿನ್ನದ ಎರಡು ಮೊನೆಗಳನ್ನು ಒತ್ತಿಹಿಡಿದು ಸಂಕೇತವನ್ನು ದೊಡ್ಡದು ಮಾಡಿ ತೋರಿಸಿದರು. ಜಗತ್ತಿನ ಮೊದಲ ಟ್ರಾನ್ಸಿಸ್ಟರ್ ಅದು. ಸಂಭ್ರಮದ ಜೊತೆಗೆ ಶಾಕ್ಲಿಗೆ ಕಸಿವಿಸಿಯೂ ಆಯಿತು. ವರ್ಷಗಟ್ಟಲೆ ತಾವು ಬೆನ್ನಟ್ಟಿದ್ದ ಸಾಧನ ತಮ್ಮ ಕೈಯಿಂದ ಹುಟ್ಟಲಿಲ್ಲ. ಅದರ ಪೇಟೆಂಟಿನಲ್ಲೂ ಅವರ ಹೆಸರು ಬರಲಿಲ್ಲ.

ಹೊಸ ವರ್ಷದ ಹೊತ್ತಿಗೆ ಅವರು ಷಿಕಾಗೋದ ಹೋಟೆಲ್ ಕೋಣೆಯಲ್ಲಿ ಕುಳಿತು ಪುಟಗಟ್ಟಲೆ ಲೆಕ್ಕ ಬರೆದರು. 1948ರ ಜನವರಿ ಕೊನೆಯ ವೇಳೆಗೆ ದಾರಿ ಹೊಳೆಯಿತು. ಮೊನೆಗಳನ್ನು ಒತ್ತುವ ನಾಜೂಕಿನ ಕೆಲಸವೇ ಬೇಡ. ಬೇರೆ ಬೇರೆ ಬೆರಕೆ ಇರುವ ಅರೆವಾಹಕದ ಮೂರು ಪದರಗಳನ್ನು ಸ್ಯಾಂಡ್‌ವಿಚ್‌ನಂತೆ ಒಂದೇ ಹರಳಿನಲ್ಲಿ ಕೂಡಿಸಿದರೆ ಸಾಕು. ಇದೇ ಜಂಕ್ಷನ್ ಟ್ರಾನ್ಸಿಸ್ಟರ್. ಅದನ್ನು ನಿಜವಾಗಿ ತಯಾರಿಸಲು ಗಾರ್ಡನ್ ಟೀಲ್, ಮಾರ್ಗನ್ ಸ್ಪಾರ್ಕ್ಸ್ ಮುಂತಾದವರ ಕೈಚಳಕ ಬೇಕಾಯಿತು. 1951ರ ಜುಲೈಯಲ್ಲಿ ಬೆಲ್ ಲ್ಯಾಬ್ಸ್ ಅದನ್ನು ಪ್ರಕಟಿಸಿತು.

ಮುಂದಿನ ಒಂದೆರಡು ದಶಕಗಳಲ್ಲಿ ಈ ಪದ ನಮ್ಮ ಹಳ್ಳಿಗಳನ್ನೂ ತಲುಪಿತು. ಅಜ್ಜಂದಿರು ರೇಡಿಯೊವನ್ನೇ ಟ್ರಾನ್ಸಿಸ್ಟರ್ ಎಂದು ಕರೆಯುತ್ತಿದ್ದರಲ್ಲ, ಅದರ ಹೊಟ್ಟೆಯಲ್ಲಿದ್ದದ್ದು ಇಂಥವೇ. 1960ರ ದಶಕದಲ್ಲಿ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯೂ ಟ್ರಾನ್ಸಿಸ್ಟರುಗಳನ್ನು ತಯಾರಿಸುತ್ತಿತ್ತು. 1956ರಲ್ಲಿ ಶಾಕ್ಲಿ, ಬಾರ್ಡೀನ್, ಬ್ರಾಟೈನ್ ಮೂವರಿಗೂ ನೊಬೆಲ್ ಹಂಚಿಕೆಯಾಯಿತು.

60 ಮಿಲಿವೋಲ್ಟಿನ ನಿಯಮ

1949ರಲ್ಲಿ ಶಾಕ್ಲಿ ಪ್ರಕಟಿಸಿದ ಒಂದು ಲೇಖನ ಅರೆವಾಹಕ ಪದರಗಳ ಸಂಧಿಯಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆ ಎಂಬುದನ್ನು ಸಮೀಕರಣದಲ್ಲಿ ಹಿಡಿದಿಟ್ಟಿತು. ಇಂದಿಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅದು ಶಾಕ್ಲಿ ಸಮೀಕರಣ ಎಂದೇ ಪಾಠವಾಗುತ್ತದೆ. ಅದರ ತಿರುಳು ಇಷ್ಟೇ.

ಸಾಮಾನ್ಯ ತಂತಿಯಲ್ಲಿ ವೋಲ್ಟೇಜ್ ಎರಡು ಪಟ್ಟಾದರೆ ಕರೆಂಟ್ ಕೂಡ ಎರಡು ಪಟ್ಟು. ಟ್ರಾನ್ಸಿಸ್ಟರಿನಲ್ಲಿ ಹಾಗಲ್ಲ. ಅದರ ಬೇಸ್ ಮತ್ತು ಎಮಿಟರ್ ನಡುವಿನ ವೋಲ್ಟೇಜನ್ನು ಸುಮಾರು 60 ಮಿಲಿವೋಲ್ಟ್ ಹೆಚ್ಚಿಸಿದರೆ ಕರೆಂಟ್ ಹತ್ತು ಪಟ್ಟಾಗುತ್ತದೆ. ಇನ್ನೊಂದು 60 ಸೇರಿಸಿದರೆ 100 ಪಟ್ಟು, ಮತ್ತೊಂದು 60ಕ್ಕೆ 1000 ಪಟ್ಟು. ಕೂಡುತ್ತಾ ಹೋದರೆ ಆ ಕಡೆ ಗುಣಿಸುತ್ತಾ ಹೋಗುತ್ತದೆ. ಶಾಲೆಯಲ್ಲಿ ಓದಿದ ಲಾಗರಿದಂ ನೆನಪಿದೆಯೇ? ಗುಣಾಕಾರವನ್ನು ಸಂಕಲನಕ್ಕೆ ಇಳಿಸುವ ಆ ಕೋಷ್ಟಕವನ್ನೇ ಪ್ರಕೃತಿ ಒಂದು ಸಿಲಿಕಾನ್ ಚೂರಿನಲ್ಲಿ ಬರೆದಿಟ್ಟಂತೆ.

ಈಗ ಇದನ್ನು ತಿರುಗಿಸಿ ನೋಡಿ. ಟ್ರಾನ್ಸಿಸ್ಟರಿಗೆ ಕರೆಂಟ್ ಕೊಟ್ಟು ವೋಲ್ಟೇಜ್ ಅಳೆದರೆ ಸಿಗುವುದು ಲಾಗರಿದಂ. ಒಂದು ನ್ಯಾನೋಆಂಪಿಯರ್‌ನಿಂದ ಒಂದು ಮಿಲಿಆಂಪಿಯರ್‌ವರೆಗೆ, ಅಂದರೆ 10 ಲಕ್ಷ ಪಟ್ಟು ವ್ಯಾಪ್ತಿಯ ಕರೆಂಟು ಕೇವಲ 360 ಮಿಲಿವೋಲ್ಟಿನೊಳಗೆ ಮುದುಡಿಕೊಳ್ಳುತ್ತದೆ. ಇದು ಕುಗ್ಗಿಸುವ ಕೆಲಸ. ಆ ವೋಲ್ಟೇಜನ್ನು ಇನ್ನೊಂದು ಟ್ರಾನ್ಸಿಸ್ಟರಿಗೆ ಕೊಟ್ಟರೆ ಹಳೆಯ ಕರೆಂಟ್ ಹಾಗೆಯೇ ಹಿಂದಿರುಗುತ್ತದೆ. ಇದು ಹಿಗ್ಗಿಸುವ ಕೆಲಸ. ಚಿಕ್ಕ ಬ್ಯಾಟರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ?

ಬೆಲ್ ಕಂಪನಿಯೇ 1962ರಲ್ಲಿ ಡಿಜಿಟಲ್ ದೂರವಾಣಿ ಕೊಂಡಿಯನ್ನು ಬಳಕೆಗೆ ತಂದಾಗ ಧ್ವನಿಯನ್ನು ಕುಗ್ಗಿಸಿ ಹಿಗ್ಗಿಸಲು ನೆಚ್ಚಿಕೊಂಡದ್ದು ಡಯೋಡುಗಳ ಇದೇ ಬಾಗಿದ ಗುಣವನ್ನು. ಭಾರತದ ಡಿಜಿಟಲ್ ದೂರವಾಣಿ ಜಾಲವೂ ಕುಗ್ಗಿಸಿ ಹಿಗ್ಗಿಸುವ ಇಂಥದೇ ಒಂದು ನಿಯಮವನ್ನು ಅಳವಡಿಸಿಕೊಂಡಿದೆ. ಎ-ಲಾ ಎಂಬುದು ಅದರ ಹೆಸರು.

ಕುಗ್ಗಿಸಿದ್ದನ್ನು ಸೋಸುವುದು ಹೇಗೆ?

ಕುಗ್ಗಿಸಿ ಕಳಿಸುವುದು ಒಂದು ಮಾತು. ಕುಗ್ಗಿದ ಸ್ಥಿತಿಯಲ್ಲಿರುವಾಗಲೇ ಸಂಕೇತವನ್ನು ಸೋಸುವುದು ಬೇರೆಯದೇ ಮಾತು. ಫಿಲ್ಟರ್ ಎಂದರೆ ಬೇಕಾದ ಕಂಪನಗಳನ್ನು ಉಳಿಸಿಕೊಂಡು ಬೇಡದ್ದನ್ನು ತಡೆಯುವ ಸರ್ಕ್ಯೂಟ್. ಕೀರಲು ಸದ್ದನ್ನು ತಡೆಯುವ ಸರಳ ಫಿಲ್ಟರು ಮಾಡುವುದು ಒಂದು ಬಗೆಯ ಸರಾಸರಿ. ಥಟ್ಟನೆ ಬರುವ ಏರಿಳಿತಗಳನ್ನು ಅದು ನಯಗೊಳಿಸುತ್ತದೆ.

ಇಲ್ಲೊಂದು ಬಲೆ ಇದೆ. 10 ಮತ್ತು 1000 ಎಂಬ ಎರಡು ಸಂಖ್ಯೆಗಳ ಸರಾಸರಿ 505. ಈಗ ಅವನ್ನು ಮೊದಲು ಲಾಗರಿದಂಗೆ ಕುಗ್ಗಿಸಿ. 10 ಎಂಬುದು 1 ಆಗುತ್ತದೆ, 1000 ಎಂಬುದು 3 ಆಗುತ್ತದೆ. ಇವುಗಳ ಸರಾಸರಿ 2. ಅದನ್ನು ಮತ್ತೆ ಹಿಗ್ಗಿಸಿದರೆ 100. ಎಲ್ಲಿಯ 505, ಎಲ್ಲಿಯ 100! ಕುಗ್ಗಿಸುವುದೂ ಸರಿಯಿತ್ತು, ಹಿಗ್ಗಿಸುವುದೂ ಸರಿಯಿತ್ತು. ಆದರೆ ನಡುವೆ ಮಾಡಿದ ಕೆಲಸ ಕುಗ್ಗಿದ ಸಂಖ್ಯೆಗೆ ತಕ್ಕದ್ದಾಗಿರಲಿಲ್ಲ. ಹಾಗಾಗಿ ಮಾಮೂಲಿ ಫಿಲ್ಟರನ್ನು ತಂದು ನಡುವೆ ಕೂರಿಸಿದರೆ ಸದ್ದು ಕೆಡುತ್ತದೆ.

1979ರಲ್ಲಿ ರಾಬರ್ಟ್ ಆಡಮ್ಸ್ ಎಂಬ ಎಂಜಿನಿಯರ್ ಇದಕ್ಕೆ ದಾರಿ ತೋರಿಸಿದರು. ನಡುವಿನ ಫಿಲ್ಟರನ್ನೇ ಬೇಕೆಂದೇ ಬಾಗಿಸಬೇಕು. ಲಾಗರಿದಂನ ಬಾಗಿಗೆ ಸರಿಯಾಗಿ ಎದುರು ಬಾಗಬೇಕು. ಆಗ ಒಳಗೆಲ್ಲ ಡೊಂಕಾಗಿದ್ದರೂ ಹೊರಗಿನಿಂದ ನೋಡಿದವರಿಗೆ ಫಿಲ್ಟರ್ ನೇರವಾಗಿಯೇ ಕಾಣುತ್ತದೆ. 1990ರ ಹೊತ್ತಿಗೆ ಯಾನಿಸ್ ಸಿವಿಡಿಸ್, ಎವರ್ಟ್ ಸೇವಿಂಕ್ ಮುಂತಾದವರು ಈ ವಿಚಾರವನ್ನು ಬೆಳೆಸಿದರು. 1993ರಲ್ಲಿ ಡಗ್ಲಸ್ ಫ್ರೇ ಇಂಥ ಫಿಲ್ಟರುಗಳನ್ನು ಕ್ರಮಬದ್ಧವಾಗಿ ಹೆಣೆಯುವ ಗಣಿತ ಕೊಟ್ಟರು.

ವಿನ್ಯಾಸದ ಹೆಜ್ಜೆಗಳು ಹೀಗಿವೆ. ಕರೆಂಟ್ ರೂಪದ ಸಂಕೇತ ಒಂದು ಟ್ರಾನ್ಸಿಸ್ಟರಿನಲ್ಲಿ ಲಾಗರಿದಂ ವೋಲ್ಟೇಜ್ ಆಗುತ್ತದೆ. ಆ ವೋಲ್ಟೇಜನ್ನು ನೆನಪಿಟ್ಟುಕೊಳ್ಳುವುದು ಒಂದು ಪುಟ್ಟ ಕೆಪಾಸಿಟರ್. ಅದಕ್ಕೆ ತುಂಬುವ ಕರೆಂಟು ಒಳಬರುವ ಸಂಕೇತವನ್ನು ಹೊರಹೋಗುವ ಸಂಕೇತದಿಂದ ಭಾಗಿಸಿದ ಲೆಕ್ಕದಲ್ಲಿರಬೇಕು. ಭಾಗಾಕಾರಕ್ಕೆ ಬೇರೆ ಯಂತ್ರ ಬೇಡ, ವೋಲ್ಟೇಜುಗಳನ್ನು ಕಳೆದರೆ ಸಾಕು, ಟ್ರಾನ್ಸಿಸ್ಟರು ಅದನ್ನು ಭಾಗಾಕಾರ ಮಾಡಿಬಿಡುತ್ತದೆ. ಕೊನೆಯ ಟ್ರಾನ್ಸಿಸ್ಟರು ಕೆಪಾಸಿಟರಿನ ವೋಲ್ಟೇಜನ್ನು ಹಿಗ್ಗಿಸಿ ಕರೆಂಟಾಗಿ ಹೊರಕ್ಕೆ ಕೊಡುತ್ತದೆ. ಯಾವ ಕಂಪನದವರೆಗೆ ಬಿಡಬೇಕು ಎಂಬುದನ್ನು ಇನ್ನೊಂದು ಸ್ಥಿರ ಕರೆಂಟು ನಿರ್ಧರಿಸುತ್ತದೆ. 100 ಪಿಕೋಫ್ಯಾರಡ್ ಕೆಪಾಸಿಟರಿಗೆ ಸುಮಾರು 16 ನ್ಯಾನೋಆಂಪಿಯರ್ ಕೊಟ್ಟರೆ ಗಡಿ 1000 ಹರ್ಟ್ಸ್. ಕರೆಂಟನ್ನು ಹತ್ತು ಪಟ್ಟು ಮಾಡಿದರೆ ಗಡಿ 10,000 ಹರ್ಟ್ಸ್‌ಗೆ ಏರುತ್ತದೆ. ಬಿಡಿಭಾಗ ಬದಲಿಸದೆಯೇ ಫಿಲ್ಟರನ್ನು ಶ್ರುತಿ ಮಾಡಬಹುದು.

ಮುನ್ನೆಚ್ಚರಿಕೆಗಳೂ ಇವೆ. ಕುಗ್ಗಿಸುವ ಮತ್ತು ಹಿಗ್ಗಿಸುವ ಟ್ರಾನ್ಸಿಸ್ಟರುಗಳು ಅವಳಿಗಳಂತಿರಬೇಕು. ಒಂದೇ ಚಿಪ್ಪಿನಲ್ಲಿ ಅಕ್ಕಪಕ್ಕ ಕೂತಿರಬೇಕು, ಒಂದೇ ಬಿಸಿಯಲ್ಲಿರಬೇಕು. 60 ಮಿಲಿವೋಲ್ಟ್ ಎಂಬ ಲೆಕ್ಕ ಸುಮಾರು 27 ಡಿಗ್ರಿಯಲ್ಲಿ ಮಾತ್ರ ಸರಿ. ತಾಪ ಏರಿದಂತೆ ಅದೂ ಏರುತ್ತದೆ. ಆದ್ದರಿಂದ ಶ್ರುತಿಯ ಕರೆಂಟೂ ತಾಪದ ಜೊತೆಗೇ ಏರುವಂತೆ ಮಾಡಬೇಕು. ಜೊತೆಗೆ ಈ ಟ್ರಾನ್ಸಿಸ್ಟರಿನಲ್ಲಿ ಕರೆಂಟು ಒಂದೇ ದಿಕ್ಕಿಗೆ ಹರಿಯಬೇಕು. ಧ್ವನಿಯಾದರೋ ಎರಡೂ ಕಡೆಗೆ ತೂಗುತ್ತದೆ. ಅದಕ್ಕೆ ಒಂದಿಷ್ಟು ಸ್ಥಿರ ಕರೆಂಟನ್ನು ಸೇರಿಸಬೇಕು, ಇಲ್ಲವೇ ಸಂಕೇತವನ್ನು ಎರಡು ಅರ್ಧಗಳಾಗಿ ಸೀಳಿ ಬೇರೆ ಬೇರೆ ನಡೆಸಬೇಕು.

ಒಟ್ಟಿನಲ್ಲಿ ಕಂಪ್ಯಾಂಡಿಂಗಿನ ಶಿಸ್ತು ಇಷ್ಟು. ಹೇಗೆ ಕುಗ್ಗಿಸಿದೆವು ಎಂಬುದು ನಿಖರವಾಗಿ ಗೊತ್ತಿರಬೇಕು. ಅದೇ ದಾರಿಯಲ್ಲಿ ಹಿಗ್ಗಿಸಲು ಬರಬೇಕು. ನಡುವೆ ಮಾಡುವ ಲೆಕ್ಕ ಕುಗ್ಗಿದ ಸಂಖ್ಯೆಗೆ ತಕ್ಕಂತಿರಬೇಕು.

ಎಂಟು ಮಂದಿ ಬಿಟ್ಟುಹೋದರು

ನೊಬೆಲ್ ಬರುವ ಹೊತ್ತಿಗಾಗಲೇ ಶಾಕ್ಲಿ ಬೆಲ್ ಲ್ಯಾಬ್ಸ್ ಬಿಟ್ಟಿದ್ದರು. ಉದ್ಯಮಿ ಆರ್ನಲ್ಡ್ ಬೆಕ್‌ಮನ್ ಅವರ ಹಣದ ನೆರವಿನಿಂದ 1956ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಶಾಕ್ಲಿ ಸೆಮಿಕಂಡಕ್ಟರ್ ಪ್ರಯೋಗಾಲಯ ಶುರುವಾಯಿತು. ಪ್ರತಿಭೆಯನ್ನು ಗುರುತಿಸುವುದರಲ್ಲಿ ಶಾಕ್ಲಿ ನಿಪುಣರು. ರಾಬರ್ಟ್ ನಾಯ್ಸ್, ಗಾರ್ಡನ್ ಮೂರ್ ಅವರಂಥ ಯುವಕರನ್ನು ಆರಿಸಿ ತಂದರು. ಆದರೆ ಅವರೊಂದಿಗೆ ಬಾಳುವುದು ಬರಲಿಲ್ಲ. ಸಹೋದ್ಯೋಗಿಗಳ ಮೇಲೆ ಸದಾ ಅನುಮಾನ. ಒಮ್ಮೆ ಸಣ್ಣ ಗಾಯದ ಪ್ರಕರಣವೊಂದನ್ನು ಪಿತೂರಿ ಎಂದು ಭಾವಿಸಿ, ನೌಕರರು ಸುಳ್ಳುಪತ್ತೆ ಪರೀಕ್ಷೆಗೆ ಒಳಗಾಗಬೇಕೆಂದು ಪಟ್ಟು ಹಿಡಿದರು. ಸಿಲಿಕಾನ್ ಟ್ರಾನ್ಸಿಸ್ಟರಿನ ಕೆಲಸ ಬದಿಗಿಟ್ಟು ತಮ್ಮ ಮೆಚ್ಚಿನ ನಾಲ್ಕು ಪದರದ ಡಯೋಡಿನ ಹಿಂದೆ ಬಿದ್ದರು.

1957ರಲ್ಲಿ ಎಂಟು ಮಂದಿ ಒಟ್ಟಾಗಿ ಕೆಲಸ ಬಿಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ನಾಯ್ಸ್ ಮತ್ತು ಮೂರ್ 1968ರಲ್ಲಿ ಇಂಟೆಲ್ ಸ್ಥಾಪಿಸಿದರು. ಸಿಲಿಕಾನ್ ಕಣಿವೆ ಬೆಳೆದದ್ದು ಈ ಕವಲುಗಳಿಂದ. ಅದರ ಬೇರುಗಳು 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ವಿನ್ಯಾಸ ಕೇಂದ್ರ ತೆರೆದ ಮೇಲೆ ಬೆಂಗಳೂರಿಗೂ ಚಾಚಿದವು. ಇಂದು ಜೆ.ಪಿ. ನಗರದಲ್ಲೋ ಬಿಟಿಎಂ ಲೇಔಟಿನಲ್ಲೋ ಮನೆ ಮಾಡಿಕೊಂಡು ಅನಲಾಗ್ ಚಿಪ್ ವಿನ್ಯಾಸ ಮಾಡುವವರು ದಿನಬೆಳಗಾದರೆ ಬಳಸುವುದು ಅದೇ 60 ಮಿಲಿವೋಲ್ಟಿನ ನಿಯಮವನ್ನು. ಶಾಕ್ಲಿಯ ಕಂಪನಿ ಮಾತ್ರ 1960ರಲ್ಲಿ ಬೇರೆಯವರ ಪಾಲಾಯಿತು. ಅವರು ಸ್ಟ್ಯಾನ್‌ಫರ್ಡಿನಲ್ಲಿ ಪ್ರಾಧ್ಯಾಪಕರಾದರು.

ಮನುಷ್ಯರನ್ನು ಒಂದು ಅಂಕಿಗೆ ಇಳಿಸಿದಾಗ

1960ರ ದಶಕದ ನಡುವಿನಿಂದ ಶಾಕ್ಲಿ ಬೇರೆಯೇ ವಿಷಯ ಕೈಗೆತ್ತಿಕೊಂಡರು. ಕಡಿಮೆ ಐಕ್ಯೂ ಇರುವವರು ಹೆಚ್ಚು ಮಕ್ಕಳನ್ನು ಹೆರುತ್ತಿದ್ದಾರೆ, ಇದರಿಂದ ಮನುಷ್ಯಕುಲದ ಬುದ್ಧಿಮಟ್ಟ ಕುಸಿಯುತ್ತದೆ ಎಂದು ಪ್ರಚಾರ ಮಾಡತೊಡಗಿದರು. ಆಫ್ರಿಕನ್ ಮೂಲದ ಅಮೆರಿಕನ್ನರ ಸರಾಸರಿ ಅಂಕ ಬಿಳಿಯರಿಗಿಂತ ಕಡಿಮೆ ಇರುವುದಕ್ಕೆ ಮುಖ್ಯ ಕಾರಣ ವಂಶವಾಹಿಗಳೇ ಎಂದು ವಾದಿಸಿದರು. 100ಕ್ಕಿಂತ ಕಡಿಮೆ ಐಕ್ಯೂ ಇರುವವರು ಸ್ವಇಚ್ಛೆಯಿಂದ ಸಂತಾನಶಕ್ತಿಹರಣ ಮಾಡಿಸಿಕೊಂಡರೆ, ಕಡಿಮೆ ಬಿದ್ದ ಪ್ರತಿ ಅಂಕಕ್ಕೆ 1000 ಡಾಲರ್ ಕೊಡುವ ಯೋಜನೆಯನ್ನು ಮುಂದಿಟ್ಟರು. ಅವರಿಗೆ ತಳಿವಿಜ್ಞಾನದಲ್ಲಾಗಲಿ ಮನಶ್ಶಾಸ್ತ್ರದಲ್ಲಾಗಲಿ ತರಬೇತಿ ಇರಲಿಲ್ಲ. ಈ ವಿಷಯದಲ್ಲಿ ಅಧ್ಯಯನ ನಡೆಸಬೇಕೆಂಬ ಅವರ ಕೋರಿಕೆಯನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಮತ್ತೆ ಮತ್ತೆ ತಳ್ಳಿಹಾಕಿತು. ಆದರೂ ನೊಬೆಲ್ ವಿಜೇತರು ಎಂಬ ಕಾರಣಕ್ಕೆ ಟಿವಿ ಸ್ಟುಡಿಯೋಗಳು, ಸಭಾಂಗಣಗಳು ಅವರಿಗೆ ತೆರೆದಿದ್ದವು.

ಅವರ ವಾದದಲ್ಲಿ ತಪ್ಪೇನು?

ಮೊದಲನೆಯದು, ಒಂದು ಗುಂಪಿನೊಳಗಿನ ವ್ಯತ್ಯಾಸಕ್ಕೂ ಎರಡು ಗುಂಪುಗಳ ನಡುವಿನ ವ್ಯತ್ಯಾಸಕ್ಕೂ ಕಾರಣ ಒಂದೇ ಆಗಬೇಕಿಲ್ಲ. ಜೀವವಿಜ್ಞಾನಿ ರಿಚರ್ಡ್ ಲೆವೊಂಟಿನ್ 1970ರಲ್ಲೇ ಬಿತ್ತನೆ ಬೀಜದ ಹೋಲಿಕೆಯಿಂದ ಇದನ್ನು ತೋರಿಸಿದ್ದರು. ನಮ್ಮ ನೆಲದಲ್ಲೇ ನೋಡೋಣ. ಒಂದೇ ಚೀಲದ ಬೆರಕೆ ರಾಗಿಯನ್ನು ಮಂಡ್ಯದ ನಾಲೆ ಪಕ್ಕದ ಹೊಲದಲ್ಲೂ ಪಾವಗಡದ ಒಣ ಹೊಲದಲ್ಲೂ ಬಿತ್ತಿ. ಒಂದೇ ಹೊಲದೊಳಗೆ ಪೈರುಗಳ ಎತ್ತರ ಬೇರೆ ಬೇರೆಯಾಗಲು ಬೀಜದ ಗುಣ ಕಾರಣವಿರಬಹುದು. ಎರಡು ಹೊಲಗಳ ನಡುವಿನ ಅಂತರಕ್ಕೆ ಕಾರಣ ನೀರು. ಅದನ್ನು ನೋಡಿ ಪಾವಗಡದ ಬೀಜವೇ ಕೀಳು ಎನ್ನುವುದು ಎಂಥ ತರ್ಕ?

ಎರಡನೆಯದು, ಐಕ್ಯೂ ಅಂಕ ಕಲ್ಲಿನಲ್ಲಿ ಕೊರೆದದ್ದಲ್ಲ. 1984ರಲ್ಲಿ ಜೇಮ್ಸ್ ಫ್ಲಿನ್ ತೋರಿಸಿಕೊಟ್ಟಂತೆ 1932ರಿಂದ 1978ರ ನಡುವೆ ಬಿಳಿಯ ಅಮೆರಿಕನ್ನರ ಸರಾಸರಿ ಅಂಕ ಸುಮಾರು 14ರಷ್ಟು ಏರಿತ್ತು. ಐದು ದಶಕದೊಳಗೆ ವಂಶವಾಹಿಗಳು ಅಷ್ಟು ಬದಲಾಗುವುದಿಲ್ಲ. ಶಾಲೆ, ಆಹಾರ, ಆರೋಗ್ಯ, ಬದುಕಿನ ರೀತಿ ಬದಲಾಗುತ್ತವೆ. ಗರ್ಭಿಣಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಮಗುವಿನ ಮೆದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಅಡುಗೆ ಉಪ್ಪಿಗೆ ಅಯೋಡಿನ್ ಸೇರಿಸುವುದು ಅದಕ್ಕೇ. ಮಕ್ಕಳ ರಕ್ತದಲ್ಲಿ ಸೀಸದ ಅಂಶ ಹೆಚ್ಚಿದರೆ ಅಂಕ ಇಳಿಯುತ್ತದೆ. ಭಾರತದಲ್ಲಿ 2000ನೇ ಇಸವಿಯಲ್ಲಿ ಸೀಸ ಬೆರೆತ ಪೆಟ್ರೋಲ್ ನಿಲ್ಲಿಸಿದ್ದರಿಂದ ಆದ ಲಾಭಗಳಲ್ಲಿ ಇದೂ ಒಂದು.

ಮೂರನೆಯದನ್ನು ಶಾಕ್ಲಿಯ ಸರ್ಕ್ಯೂಟಿನಿಂದಲೇ ಅರ್ಥ ಮಾಡಿಕೊಳ್ಳಬಹುದು. ಐಕ್ಯೂ ಕೂಡ ಕುಗ್ಗಿಸಿದ ಅಂಕಿ. ಭಾಷೆ, ನೆನಪು, ತರ್ಕ, ವೇಗ, ಅಂದಿನ ಆರೋಗ್ಯ, ಶಾಲೆಯ ಅಭ್ಯಾಸ ಎಲ್ಲವೂ ಒಂದೇ ಸಂಖ್ಯೆಯೊಳಗೆ ಮುದುಡಿರುತ್ತವೆ. ಟ್ರಾನ್ಸಿಸ್ಟರಿನ 360 ಮಿಲಿವೋಲ್ಟನ್ನು ಹಿಗ್ಗಿಸಿದರೆ ಮೊದಲಿನ ಕರೆಂಟು ಮರಳಿ ಬರುತ್ತದೆ. 110 ಎಂಬ ಐಕ್ಯೂವನ್ನು ಹಿಗ್ಗಿಸಿ ಆ ಮನುಷ್ಯನನ್ನು ಮರಳಿ ಪಡೆಯುವ ಸರ್ಕ್ಯೂಟ್ ಇಲ್ಲ. ಯಾವ ಮಗುವಿಗೆ ಎಲ್ಲಿ ನೆರವು ಬೇಕು ಎಂದು ತಿಳಿಯಲು ಇಂಥ ಪರೀಕ್ಷೆಗಳು ಉಪಯೋಗಕ್ಕೆ ಬರುತ್ತವೆ, ನಿಜ. ಆದರೆ ಆ ಅಂಕಿಯ ಮೇಲೆ ಸರಾಸರಿ ತೆಗೆದು, ಯಾರು ಮಕ್ಕಳನ್ನು ಹೆರಬೇಕು ಎಂದು ತೀರ್ಮಾನಿಸುವುದು 505ರ ಜಾಗದಲ್ಲಿ 100 ಬರೆದಂತೆ. ಬಾಲ್ಯದಲ್ಲಿ ಟರ್ಮನ್ ಜರಡಿಯಿಂದ ಜಾರಿಬಿದ್ದಿದ್ದ ಶಾಕ್ಲಿಗಿಂತ ಇದಕ್ಕೆ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನಮ್ಮಲ್ಲೂ ಇದೇ ಮಾತು

ಇದು ಅಮೆರಿಕದ ಹಳೆಯ ಕಥೆ, ನಮಗೇಕೆ ಎಂದುಕೊಳ್ಳಬೇಡಿ. ಇಂಥ ಜಾತಿಯವರಿಗೆ ಲೆಕ್ಕ ರಕ್ತದಲ್ಲೇ ಬಂದಿದೆ, ಇಂಥವರಿಗೆ ಓದು ಹತ್ತುವುದಿಲ್ಲ ಎಂಬ ಮಾತು ನಮ್ಮ ಮನೆಗಳಲ್ಲೂ ಸಲೀಸಾಗಿ ಬರುತ್ತದೆ. ಸಿಇಟಿ ಫಲಿತಾಂಶ ಬಂದ ದಿನವಂತೂ ಒಂದು ರ್‍ಯಾಂಕನ್ನು ಹಿಡಿದು ಇಡೀ ಮಗುವನ್ನು ತೂಗಿಬಿಡುತ್ತೇವೆ.

ಮೈಸೂರು ಸಂಸ್ಥಾನದ ಇತಿಹಾಸ ಬೇರೆಯದನ್ನೇ ಹೇಳುತ್ತದೆ. 20ನೇ ಶತಮಾನದ ಆರಂಭದಲ್ಲಿ ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿ ಹೆಚ್ಚಿನವು ಒಂದೇ ಸಮುದಾಯದವರ ಕೈಯಲ್ಲಿದ್ದವು. ಆ ಪಟ್ಟಿಯನ್ನಷ್ಟೇ ನೋಡಿದವರು ಬುದ್ಧಿ ಹುಟ್ಟಿನಿಂದ ಬರುತ್ತದೆ ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿ ಹಿಂದುಳಿದ ಸಮುದಾಯಗಳಿಗೆ ಶಿಕ್ಷಣದ ನೆರವು, ಹುದ್ದೆಗಳಲ್ಲಿ ಪಾಲು ಸಿಗಬೇಕೆಂದು ಶಿಫಾರಸು ಮಾಡಿತು. ಶಾಲೆ, ಹಾಸ್ಟೆಲ್, ವಿದ್ಯಾರ್ಥಿವೇತನಗಳ ಬಾಗಿಲು ತೆರೆಯುತ್ತಾ ಹೋದಂತೆ ಆ ಮನೆಗಳಿಂದ ವೈದ್ಯರು, ಎಂಜಿನಿಯರುಗಳು, ವಿಜ್ಞಾನಿಗಳು ಬಂದರು. ಬೀಜ ಬದಲಾಗಿರಲಿಲ್ಲ, ನೀರು ಹರಿದಿತ್ತು.

ಒಂದು ಡಾಲರ್ ಪರಿಹಾರ

ಶಾಕ್ಲಿ ಕೊನೆಯವರೆಗೂ ಹಿಂದೆ ಸರಿಯಲಿಲ್ಲ. ಪ್ರತಿಭಾವಂತರ ವೀರ್ಯವನ್ನು ಸಂಗ್ರಹಿಸುವ ಬ್ಯಾಂಕೊಂದು ಕ್ಯಾಲಿಫೋರ್ನಿಯಾದಲ್ಲಿ ಸುದ್ದಿಗೆ ಬಂದಾಗ, 1980ರಲ್ಲಿ, ತಾವೂ ದಾನಿ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ತಮ್ಮ ಯೋಜನೆಯನ್ನು ನಾಜಿಗಳ ಪ್ರಯೋಗಕ್ಕೆ ಹೋಲಿಸಿದ ಅಟ್ಲಾಂಟಾದ ಪತ್ರಿಕೆಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದರು. 1984ರಲ್ಲಿ ತೀರ್ಪು ಅವರ ಪರವಾಗಿಯೇ ಬಂತು. ಪರಿಹಾರವಾಗಿ ಸಿಕ್ಕಿದ್ದು ಒಂದು ಡಾಲರ್. 1982ರಲ್ಲಿ ಸೆನೆಟ್ ಚುನಾವಣೆಗೆ ಪಕ್ಷದ ಅಭ್ಯರ್ಥಿಯಾಗಲು ಹೊರಟು ಎಂಟನೇ ಸ್ಥಾನಕ್ಕೆ ಬಿದ್ದರು. ಹಳೆಯ ಗೆಳೆಯರು ದೂರವಾಗಿದ್ದರು, ಮಕ್ಕಳೊಂದಿಗಿನ ಒಡನಾಟವೂ ಬಹುತೇಕ ಕಡಿದಿತ್ತು. ಎರಡನೇ ಪತ್ನಿ ಎಮ್ಮಿ ಮಾತ್ರ ಕೊನೆಯವರೆಗೆ ಜೊತೆಗಿದ್ದರು. 1989ರ ಆಗಸ್ಟ್ 12ರಂದು ಪ್ರಾಸ್ಟೇಟ್ ಕ್ಯಾನ್ಸರಿನಿಂದ ಅವರು ತೀರಿಕೊಂಡಾಗ 79 ವರ್ಷ.

ದೊಡ್ಡ ಪ್ರಶಸ್ತಿ ಪಡೆದವರು ಹೇಳಿದ್ದಾರೆ ಎಂಬ ಕಾರಣಕ್ಕೆ ಯಾವ ಮಾತೂ ನಿಜವಾಗುವುದಿಲ್ಲ. ಹೇಳಿದವರು ಕೆಟ್ಟವರು ಎಂಬ ಕಾರಣಕ್ಕೆ ಸುಳ್ಳೂ ಆಗುವುದಿಲ್ಲ. ಶಾಕ್ಲಿಯ ಸಮೀಕರಣವನ್ನು ಯಾರು ಬೇಕಾದರೂ ಒಂದು ಟ್ರಾನ್ಸಿಸ್ಟರ್, ಒಂದು ಮಲ್ಟಿಮೀಟರ್ ಹಿಡಿದು ಪರೀಕ್ಷಿಸಬಹುದು. ಪ್ರತಿ ಸಲವೂ ಅದು ಗೆಲ್ಲುತ್ತದೆ. ಜನಾಂಗದ ಬುದ್ಧಿಯ ಬಗ್ಗೆ ಅವರು ಹೇಳಿದ್ದು ಅಂಥ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಮುಂದಿನ ಸಲ ಯಾರಾದರೂ ಒಂದು ಅಂಕಿ ತೋರಿಸಿ ಒಂದು ಮಗುವಿನ, ಒಂದು ಜಾತಿಯ, ಒಂದು ಊರಿನ ಯೋಗ್ಯತೆ ಇಷ್ಟೇ ಎಂದರೆ ಎರಡು ಪ್ರಶ್ನೆ ಕೇಳಿ. ಈ ಅಂಕಿಯೊಳಗೆ ಏನೇನನ್ನು ಕುಗ್ಗಿಸಿದ್ದೀರಿ? ಅದನ್ನು ಮತ್ತೆ ಹಿಗ್ಗಿಸಿ ತೋರಿಸಬಲ್ಲಿರಾ?